ಗಾದಿ ಯಾರಿಗೆ, ಹೊಲ ಯಾರಿಗೆ

ಬೇರೆ ವಕೀಲರ ಮನೆಗೆ ಕಕ್ಷಿದಾರರು ಬರುತ್ತಾರೆ, ಹೋಗುತ್ತಾರೆ. ನನ್ನ ಮನೆಗೆ ಬಂದವರು ಮಾತ್ರ ಕೂತೇ ಬಿಡುತ್ತಾರೆ. ಕೂತು ಕೇಸೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಾರೆ. ಇದು ನನ್ನ ಹಣೆಬರಹ ಎಂದು ನಾನು ಒಪ್ಪಿಕೊಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಬಳ್ಳಾರಿಯ ನಮ್ಮ ಮನೆಗೆ ಟಿವಿ ಬಂದ ಮೇಲೆ.

ಹಳ್ಳಿಯವರು ವಕೀಲರನ್ನು ಕಾಣಲು ಬರುವುದು ಭಾನುವಾರ ಬೆಳಿಗ್ಗೆ. ಟಿವಿಯಲ್ಲಿ ದಿಲ್ಲಿಯಿಂದ ಹಿಂದಿಯಲ್ಲಿ ಒಂದು ರಾಜರ ಕಥೆ ವಾರವಾರ ಬರುತ್ತಿದ್ದುದೂ ಭಾನುವಾರ ಬೆಳಿಗ್ಗೆಯೇ. ನನ್ನ ಆಫೀಸು ಎಂದರೆ ನಡುಮನೆಯ ಒಂದು ಮೂಲೆ. ಟಿವಿ ಇದ್ದದ್ದು ಎದುರಿನ ಮೂಲೆಯಲ್ಲಿ. ಯಾವ ಮೂಲೆ ಗೆದ್ದಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನ್ನದೇ ಎಂದು ಹೇಳಿಕೊಳ್ಳಲು ನನಗಿದ್ದದ್ದು ಒಂದೇ ಒಂದು ದೊಡ್ಡ ಕೇಸು. ಉಳಿದಂತೆ ಹಿರಿಯ ವಕೀಲರ ಹಿಂದೆ ಫೈಲು ಹೊತ್ತುಕೊಂಡು ಓಡಾಡುವುದೇ ನನ್ನ ವೃತ್ತಿ. ಆ ಒಂದು ಕೇಸನ್ನು ಕೊನೆಯವರೆಗೆ ವಾದಿಸಿ, ತೀರ್ಪು ಪಡೆದು, ನಾನೂ ಒಬ್ಬ ವಕೀಲ ಅನ್ನಿಸಿಕೊಳ್ಳಬೇಕು ಎಂದು ಆಸೆಪಟ್ಟಿದ್ದೆ. ಆ ಆಸೆ ಮಣ್ಣುಪಾಲಾದ ಬಗೆಯನ್ನು ಹೇಳುತ್ತೇನೆ. ನಗುವವರು ನಗಬಹುದು, ನನಗೆ ಇನ್ನೂ ನಗು ಬಂದಿಲ್ಲ.

ರಾರಾವಿಯವನ ಅನ್ಯಾಯ

ರಾರಾವಿ ಹಳ್ಳಿಯ ರೈತನೊಬ್ಬ ಒಂದು ಭಾನುವಾರ ಬಂದಾಗ ನಾನು ಊರಲ್ಲಿರಲಿಲ್ಲ. ಪಾಪ, ಮುಂದಿನ ವಾರ ಮತ್ತೆ ಬಂದಿದ್ದ. ಎದುರಿಗೆ ಕೂರಿಸಿಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದು, "ಏನಾತು? ಮೊದಲಿಂದ ಹೇಳಪಾ" ಎಂದೆ.

"ಏನ್ ಹೇಳ್ಲಿ ಸಾಹೇಬ್ರ, ಭಾಳ ಅನ್ಯಾಯ ಆಗೇತಿ. ತಮ್ಮ ಅನ್ನಾಂವ ಅಣ್ಣನ್ನ ಮನಿ ಬಿಟ್ಟು ಹೊರಗ ಹಾಕ್ಯಾನ."

"ಯಾಕ?"

"ಅಣ್ಣ ಕುಡಿತಾನ್ರಿ. ಅದೊಂದ ಐಬು. ಮನಸು ಬಂಗಾರ, ಕೇಳಿದಾವ್ರಿಗೆ ಮೈಮ್ಯಾಲಿನ ಶಾಲು ತೆಗೆದು ಕೊಡತಾನ. ತಮ್ಮ ಕುಡಿಯಂಗಿಲ್ಲ, ಸುಳ್ಳು ಆಡಂಗಿಲ್ಲ, ಹೊತ್ತು ಹುಟ್ಟೋದ್ರಾಗ ಎದ್ದು ಕೆಲಸಕ್ಕ ನಿಂದರತಾನ. ಆದ್ರ ಎದಿ ಕಲ್ಲು. ಹಡೆದ ತಾಯಿ ಕಾಲು ಹಿಡಕೊಂಡ್ರೂ ಕರಗಲಿಲ್ಲ."

ನಾನು ಬರೆದುಕೊಂಡೇ ಬರೆದುಕೊಂಡೆ. "ಸಾಕ್ಷಿ ಯಾರದಾರ?"

"ಇಡೀ ಊರ ನೋಡೇತ್ರಿ."

ಇಂಥ ಕೇಸು ಕಾಲಿಗೆ ತೊಡರಿಕೊಂಡು ಬರುವುದು ಪುಣ್ಯ ಎಂದುಕೊಂಡೆ. "ಆಮ್ಯಾಲ ಅಣ್ಣ ಎಲ್ಲಿಗೆ ಹೋದ?"

"ಆನಿ ಹತ್ತಿ ಕಾಡಿಗೆ ಹೋದ್ರಿ."

ನನ್ನ ಪೆನ್ನು ನಿಂತಿತು. "ರಾರಾವಿಯಾಗ ಆನಿ ಎಲ್ಲಿಂದ ಬಂತು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಹ್ವಾದ ವಾರದ ಟಿವಿ ಕಥಿ ಕೇಳಿದ್ರಿ ಅಂತ ಹೇಳಾಕತ್ತೀನ್ರಿ. ನೀವು ನೋಡಿಲ್ಲಂತ ನಿಮ್ಮ ಅವ್ವಾರು ಅಂದ್ರು. ನನ್ನ ಕೇಸು ಏನ್ ದೊಡ್ಡದಲ್ಲ ಬಿಡ್ರಿ, ಪಕ್ಕದ ಹೊಲದಾಂವ ಬದು ಒತ್ಯಾನ. ಅದನ್ನ ಹಿಂದಾಗಡೆ ಹೇಳತೀನಿ. ಈಗ ಸುಮ್ಕಿರ್ರಿ, ಹಾಡು ಬಂತು."

ಎರಡೂ ಪಕ್ಷದ ದುಭಾಷಿಗಳು

ನಮ್ಮವ್ವನಿಗಾಗಲಿ, ಬಂದು ಕೂತವರಿಗಾಗಲಿ ಹಿಂದಿ ಬರುತ್ತಿರಲಿಲ್ಲ. ಅರ್ಥ ಹೇಳುತ್ತಿದ್ದವರು ಪಕ್ಕದ ಮನೆಯ ನಿವೃತ್ತ ಮಿಲಿಟರಿ ಮಾಮ. ಅವರಿಗೆ ಶಿಸ್ತೆಂದರೆ ಪ್ರಾಣ, ಆದ್ದರಿಂದ ಕಥೆಯ ಸಣ್ಣ ರಾಜಕುಮಾರನೆಂದರೆ ಪ್ರಾಣ. ಹೊರಹಾಕಿಸಿಕೊಂಡ ದೊಡ್ಡ ರಾಜಕುಮಾರ ಒಂದು ಭಾನುವಾರ ಮರದ ಕೆಳಗೆ ಕೂತು ಕಣ್ಣೀರಿಡುತ್ತ ಬಹಳ ಹೊತ್ತು ಮಾತಾಡಿದ. ಎಲ್ಲರೂ ಮಾಮನ ಬಾಯಿ ನೋಡಿದರು.

ಮಾಮ ಹೇಳಿದರು: "ಏನಿಲ್ಲ. ನೆವ ಹೇಳಾಕತ್ಯಾನ."

ಬಾಗಿಲ ಬಳಿ ಕೂತಿದ್ದ ಬಳೆ ಮಾರುವ ಹೆಂಗಸಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಉರ್ದು ಆಡುವವಳು ಅವಳು. "ಝೂಟ್ ಹೇಳಬ್ಯಾಡ್ರಿ ಮಾಮಾ! ತಾಯಿ ಕೈತುತ್ತು ನೆನಸ್ಕೊಂಡು ಅಳಾಕತ್ಯಾನ ಆ ಹುಡುಗ!"

ಗಲಾಟೆ ಎದ್ದಿತು. ಅವ್ವ ಕೈ ಎತ್ತಿ ಅಪ್ಪಣೆ ಕೊಡಿಸಿದಳು: ಇನ್ನು ಮೇಲೆ ಸಣ್ಣವನ ಮಾತಿಗೆ ಮಾಮ ಅರ್ಥ ಹೇಳಬೇಕು, ದೊಡ್ಡವನ ಮಾತಿಗೆ ಬಳೆಗಾರ್ತಿ. ಅಂದಿನಿಂದ ಟಿವಿಯಲ್ಲಿ ಅಣ್ಣತಮ್ಮ ಜಗಳವಾಡಿದರೆ ಇಲ್ಲಿ ಇವರಿಬ್ಬರೂ ಅದಕ್ಕಿಂತ ಗಟ್ಟಿಯಾಗಿ ಜಗಳವಾಡುತ್ತಿದ್ದರು. ಒಂದಕ್ಷರ ಯಾರಿಗೂ ಕೇಳಿಸುತ್ತಿರಲಿಲ್ಲ, ಆದರೂ ಎಲ್ಲರೂ ತೃಪ್ತಿಯಿಂದ ಎದ್ದು ಹೋಗುತ್ತಿದ್ದರು.

ನನ್ನ ಕೆಲಸವಂತೂ ಕೆಟ್ಟಿತ್ತು. ಕೊನೇಪಕ್ಷ ಮರ್ಯಾದೆಯಾದರೂ ಉಳಿಯಲಿ ಎಂದು, "ಅವ್ವಾ, ನಾನು ಹಿಂದಿ ಪರೀಕ್ಷಿ ಪಾಸಾಗೀನಿ. ಇಬ್ಬರ ಮಾತೂ ಇದ್ದದ್ದಿದ್ದಂಗ ನಾನ ಹೇಳಲೇನು?" ಎಂದೆ.

"ನೀ ಬ್ಯಾಡ," ಎಂದಳು ಅವ್ವ. "ನಿನಗ ಯಾರ ಮ್ಯಾಲೂ ಅಂತಃಕರಣ ಇಲ್ಲ."

ನನ್ನ ಕಕ್ಷಿದಾರನ ವಾದ

ಈಗ ಆ ದೊಡ್ಡ ಕೇಸು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಪಾಲಾಗುವಾಗ ಹಿರಿಯ ಮಗನಿಗೆ ಸಮಪಾಲಿನ ಮೇಲೆ ಒಂದು ತುಣುಕು ಹೆಚ್ಚು ಕೊಡುವ ರೂಢಿಯಿದೆ. ಅದಕ್ಕೆ ಹಿರೇತನದ ಪಾಲು ಎನ್ನುತ್ತಾರೆ. ನನ್ನದು ಸಿರುಗುಪ್ಪದ ಅಣ್ಣತಮ್ಮಂದಿರ ಕೇಸು. ಅಣ್ಣ ಕಾಲುವೆ ಪಕ್ಕದ ಹೊಲವನ್ನು ಹಿರೇತನಕ್ಕೆ ಬಿಡು ಎಂದ. ಕುರುಗೋಡಿಗೆ ಮನೆಅಳಿಯನಾಗಿ ಹೋಗಿದ್ದ ತಮ್ಮ ಬಿಡುವುದಿಲ್ಲ ಎಂದ. ತಮ್ಮ ನನ್ನ ಕಕ್ಷಿದಾರ. "ಮೊದಲು ಹುಟ್ಟಿದ್ದಕ್ಕೆ ಯಾರಿಗೂ ಹೆಚ್ಚಿನ ಹಕ್ಕಿಲ್ಲ" ಎಂಬ ನನ್ನ ವಾದವನ್ನು ನಾನು ಸ್ನಾನ ಮಾಡುವಾಗಲೂ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೆ.

ಅಣ್ಣನಿಗೆ ಬೇರೆ ವಕೀಲರಿದ್ದರು. ಆದರೆ ಅವರು ಭಾನುವಾರ ಬಾಗಿಲು ತೆರೆಯುತ್ತಿರಲಿಲ್ಲ. ಸಿರುಗುಪ್ಪದ ಟಿವಿಗಳಲ್ಲಿ ರಾಜರಿಗಿಂತ ಚುಕ್ಕಿಗಳೇ ಹೆಚ್ಚು ಕಾಣುತ್ತಿದ್ದವು. ಹಾಗಾಗಿ ಅವನೂ ಮೊದಲ ಬಸ್ಸು ಹಿಡಿದು ನಮ್ಮ ಮನೆಗೇ ಬರತೊಡಗಿದ. ಎದುರು ಪಕ್ಷದವನನ್ನು ಒಳಗೆ ಬಿಟ್ಟುಕೊಳ್ಳಬಾರದೆಂದು ಅವ್ವನಿಗೆ ಹೇಳಿದೆ. "ಬಿಸಿಲಾಗ ಬಂದಾನ, ಹೋಗಂತ ಹೆಂಗ ಅನ್ಲಿ?" ಎಂದು ಅವನಿಗೆ ಚಹಾ ಕೊಟ್ಟಳು.

ಒಂದು ದಿನ ಕಥೆ ಮುಗಿದ ಮೇಲೆ ರಾಜನ ಗಾದಿ ಯಾರಿಗೆ ಸೇರಬೇಕೆಂಬ ಚರ್ಚೆ ಎದ್ದಿತು. ಜೀವಮಾನವೆಲ್ಲ ಹೊಲದಲ್ಲಿ ಬೆವರು ಸುರಿಸಿದ ಸಿರುಗುಪ್ಪದ ಅಣ್ಣ ಎದ್ದು ನಿಂತ. "ಹಿರೇತನ ಅಂದ್ರ ಏನ್ರಿ? ಮೊದಲು ಹುಟ್ಟಿದ್ದು ಅವನ ದೊಡ್ಡಸ್ತಿಕೀನು? ದುಡಿದಾಂವ ಸಣ್ಣಾಂವ. ಗಾದಿ ಸಣ್ಣಾಂವಂದ!"

ನನಗೆ ಮೈಯೆಲ್ಲ ರೋಮಾಂಚನ. ಎದುರು ಪಕ್ಷ ತಾನಾಗಿಯೇ ನನ್ನ ವಾದವನ್ನು ಒಪ್ಪಿಬಿಟ್ಟಿದೆ! ಅಷ್ಟರಲ್ಲಿ ಆಗೀಗ ಸೇಂದಿ ಕುಡಿಯುವ, ಕುಡಿದಾಗ ಯಾರಿಗಾದರೂ ಏನಾದರೂ ಕೊಟ್ಟುಬಿಡುವ ನನ್ನ ಕಕ್ಷಿದಾರ ಎದೆ ಬಡಿದುಕೊಂಡು ಎದ್ದ.

"ಅದ್ಹೆಂಗ? ಕುಡೀಲಿ, ಕುಣೀಲಿ, ಹಿರೇಮಗ ಹಿರೇಮಗನ! ಅವನ ಹಿರೇತನ ಕಸಗೊಂಡ ತಮ್ಮ ಎಂದೂ ಉದ್ಧಾರ ಆಗಂಗಿಲ್ಲ!"

ಅಂಗಿ ಜಗ್ಗಿ ಕೂರಿಸಿದೆ. "ಏ ಮಾರಾಯಾ, ಅದು ಅವರ ವಾದ. ನಮ್ಮದಲ್ಲ."

"ಕೋರ್ಟಿನ್ಯಾಗ ನೀವು ನಿಮ್ಮದ ಹೇಳ್ರಿ ಸಾಹೇಬ್ರ, ನಾ ಎಲ್ಲಿ ಬ್ಯಾಡ ಅಂದೆ?" ಎಂದ ಅವನು. "ಇಲ್ಲಿ ನಾ ಖರೇ ಹೇಳಾಕತ್ತೀನಿ."

ವಾಯಿದೆ

ಇದನ್ನೆಲ್ಲ ನೋಡಿ ಅವ್ವ ಒಂದು ತೀರ್ಮಾನ ಮಾಡಿದಳು. ಕಥೆಯಲ್ಲಿ ಗಾದಿ ದೊಡ್ಡವನಿಗೆ ಸಿಕ್ಕರೆ ಹೊಲ ಅಣ್ಣನ ಹಿರೇತನಕ್ಕೆ, ಸಣ್ಣವನಿಗೆ ಸಿಕ್ಕರೆ ಹೊಲ ಇಬ್ಬರಿಗೂ ಸಮಪಾಲು. ಅಣ್ಣತಮ್ಮ ಇಬ್ಬರೂ ಟಿವಿ ಮುಟ್ಟಿ ಆಣೆ ಮಾಡಿದರು. ಟಿವಿ ಬಿಸಿಯಾಗಿದ್ದರಿಂದ ಬೇಗ ಬೇಗ ಮಾಡಿದರು. ನಾನು ಅಲ್ಲೇ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ಭಾನುವಾರ ನೋಡಿದರೆ ಇಬ್ಬರೂ ಪಕ್ಷ ಬದಲಾಯಿಸಿದ್ದರು.

"ಕುಡಿದ್ರ ಏನಾತ್ರಿ, ಮನಸು ಚಲೋ ಐತಲ್ಲ," ಎನ್ನತೊಡಗಿದ ಅಣ್ಣ.

"ಶಿಸ್ತು ಬೇಕ್ರಿ ಮನಷ್ಯಾಗ. ಕುಡುಕನ ಕೈಯಾಗ ರಾಜ್ಯ ಕೊಡತಾರೇನು?" ಎಂದ ತಮ್ಮ. ಹೇಳುವಾಗಲೂ ಸೇಂದಿಯ ವಾಸನೆ ಬರುತ್ತಿತ್ತು.

ಕೇಸಿನ ವಾದ ಅದೇ ವಾರವಿತ್ತು. ಕಥೆ ಮುಗಿಯುವವರೆಗೆ ವಾಯಿದೆ ಕೇಳಿರಿ ಎಂದು ಇಬ್ಬರೂ ತಮ್ಮ ತಮ್ಮ ವಕೀಲರ ಕಾಲಿಗೆ ಬಿದ್ದರು. ನಾನು ಎದ್ದು ನಿಂತು, ಕಕ್ಷಿದಾರನಿಗೆ ಮೈಯಲ್ಲಿ ಹುಷಾರಿಲ್ಲ ಎಂದೆ. ಎದುರಿನ ವಕೀಲರೂ ಎದ್ದು ಅದನ್ನೇ ಹೇಳಿದರು.

ನ್ಯಾಯಾಧೀಶರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಇಬ್ಬರಿಗೂ ಹುಷಾರಿಲ್ಲವೋ? ಸರಿ. ಅದೇನೋ ಮುಂದಿನ ಭಾನುವಾರ ಮುಗಿಯುತ್ತದಂತಲ್ಲ. ಮರುದಿನಕ್ಕೇ ಇಡೋಣ." ಮತ್ತೆ ಕನ್ನಡಕ ಏರಿಸಿಕೊಂಡು ಮೆಲ್ಲಗೆ ಹೇಳಿದರು: "ನನ್ನ ಪ್ರಕಾರ ಗಾದಿ ದೊಡ್ಡವನಿಗೇ ಹೋಗಬೇಕು."

ನಾನು ನನ್ನ ವಾದದ ಟಿಪ್ಪಣಿಯನ್ನು ಮಡಚಿ ಫೈಲಿನೊಳಗೆ ಸರಿಸಿದೆ.

ಕೊನೆಯ ಭಾನುವಾರ

ಅಂದು ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾರನೆಯ ದಿನ ವಾದ. ಕಥೆ ಮುಗಿದ ಕೂಡಲೇ ತಮ್ಮನನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳಿಕೊಡೋಣವೆಂದು ನಾನು ಕೇಸಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದೆ.

ಕೆಲವು ವಾರಗಳಿಂದ ಆ ಕಥೆಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದು ಹೋಗುತ್ತಿದ್ದ. ಸಂಭಾವಿತ. ಇಬ್ಬರು ರಾಜಕುಮಾರರ ದೂರನ್ನೂ ಬೇರೆ ಬೇರೆಯಾಗಿ ಕೂತು ಕೇಳುತ್ತಿದ್ದ. ಇಬ್ಬರಿಗೂ ನಿನ್ನ ಪಕ್ಷವೇ ನ್ಯಾಯದ್ದು ಎನ್ನುತ್ತಿದ್ದ, ಇಬ್ಬರಿಂದಲೂ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಅವನ ಮೇಲೆ ಯಾರಿಗೂ ಗಮನವಿರಲಿಲ್ಲ.

ಕೊನೆಯ ದೃಶ್ಯ. ಅಣ್ಣತಮ್ಮ ಕತ್ತಿ ಹಿರಿದು ಗಾದಿಯ ಎದುರು ನಿಂತಿದ್ದಾರೆ. ಬಾಗಿಲು ತೆರೆಯಿತು. ಆ ಅಧಿಕಾರಿ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ನಗುತ್ತ ಒಳಬಂದ. ಹಿಂದೆ ಸಿಪಾಯಿಗಳು. ಅಣ್ಣನನ್ನೂ ತಮ್ಮನನ್ನೂ ಹೊರಗೆ ಕಳಿಸಿದ. ಅರಮನೆಗೆ ಬೀಗ ಹಾಕಿ ಬೀಗದಕೈಯನ್ನು ಜೇಬಿಗಿಳಿಸಿದ. ಕಥೆ ಮುಗಿಯಿತು.

ಈ ಸಲ ಮಾಮನಿಗೂ ಬಳೆಗಾರ್ತಿಗೂ ಕೆಲಸವಿರಲಿಲ್ಲ. ಅರ್ಥ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

"ಅಂದ್ರ, ಇಬ್ಬರಿಗೂ ಇಲ್ಲೇನು?" ಎಂದ ಸಿರುಗುಪ್ಪದ ಅಣ್ಣ.

ಅಣ್ಣ ತಿರುಗಿ ನನ್ನ ಕಂಕುಳನ್ನು ನೋಡಿದ. ತಮ್ಮನೂ ನೋಡಿದ. ನಡುಮನೆ ಪೂರ್ತಿ ನೋಡಿತು. ನಾನು ಕಟ್ಟನ್ನು ಬೆನ್ನ ಹಿಂದೆ ಸರಿಸಿದೆ, ಹಾಗೆ ಮಾಡಬಾರದಿತ್ತು.

ಇಬ್ಬರೂ ಎದ್ದು ಹೊರಗಿನ ಕಟ್ಟೆಗೆ ಹೋಗಿ ಗುಸುಗುಸು ಮಾತಾಡಿದರು. ಕೋರ್ಟಿಗೆ ಹೋದಂದಿನಿಂದ ಅವರು ಒಬ್ಬರೊಡನೊಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮ ಒಮ್ಮೆ ಕಣ್ಣೊರೆಸಿಕೊಂಡ. ಆಮೇಲೆ ಕೂಡಿಯೇ ಒಳಗೆ ಬಂದರು.

"ಸಾಹೇಬ್ರ," ಎಂದ ನನ್ನ ಕಕ್ಷಿದಾರ, "ನಾಳಿ ನೀವು ವಾದ ಮಾಡಬ್ಯಾಡ್ರಿ. ರಾಜಿ ಬರದುಬಿಡ್ರಿ. ಆ ಹೊಲ ಇಬ್ಬರೂ ಕೂಡಿ ಬಿತ್ತತೀವಿ."

ಅಣ್ಣತಮ್ಮ ಒಂದಾದರೆ ಸಂತೋಷಪಡಬೇಕು, ನನಗೂ ಗೊತ್ತು. ಆದರೆ ನನಗಿದ್ದದ್ದು ಒಂದೇ ಒಂದು ಕೇಸು, ಒಂದೇ ಒಂದು ವಾದ! "ನನ್ನ ಮ್ಯಾಲ ಅಷ್ಟೂ ನಂಬಿಕಿಲ್ಲೇನು? ನಾ ನಿಮಗ ಏನ್ ಕೆಟ್ಟದ್ದು ಮಾಡೀನಿ?" ಎಂದು ಕೇಳಿಯೇಬಿಟ್ಟೆ.

ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. "ಹಂಗ ಮನಸಿಗೆ ಹಚ್ಚಿಕೋಬ್ಯಾಡ್ರಿ ವಕೀಲ್ರ. ನೀವು ಭಾಳ ಚಲೋ ಮನಷ್ಯಾರ ಅದೀರಿ. ಆ ಇಂಗ್ಲಿಷಾಂವನೂ ಹ್ವಾದ ವಾರದ ತನಕ ಚಲೋ ಇದ್ದ."