ಮೂವತ್ತೆರಡರ ನಂತರ

ಕೆಲವರಿಗೆ ಹಲಸಿನ ಹಣ್ಣು ಕಂಡರೆ ತಡೆಯುವುದಿಲ್ಲ, ಕೆಲವರಿಗೆ ಸೀರೆ ಅಂಗಡಿ ಕಂಡರೆ. ನನಗೆ ನಾಲ್ಕಾರು ಅಂಕಿಗಳು ಸಾಲಾಗಿ ನಿಂತು, ಅವುಗಳ ಬಾಲದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಸಾಕು, ಮೈಮೇಲೆ ದೇವರು ಬಂದಂತಾಗುತ್ತದೆ. ಮುಂದಿನ ಅಂಕಿ ಯಾವುದು? ಆಹಾ, ಆ ಪ್ರಶ್ನೆಯ ಸೊಗಸೇ ಸೊಗಸು! ಊಟ ತಣ್ಣಗಾಗಲಿ, ಬಸ್ಸು ಹೊರಟುಹೋಗಲಿ, ನಾನು ಅಲ್ಲಾಡುವುದಿಲ್ಲ. ಹಾಗಾದರೆ ಇವನಿಗೆ ಬಿಡಿಸಲು ಬರುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ಅದು ಬೇರೆ ವಿಷಯ. ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ನಮ್ಮ ಗಣಿತದ ಮೇಷ್ಟ್ರು ಹೇಳುತ್ತಿದ್ದರು, "ಶ್ರೀಧರ, ನಿನಗೆ ಲೆಕ್ಕ ಅಂದ್ರೆ ಪ್ರಾಣ ಕಣಯ್ಯಾ. ಲೆಕ್ಕಕ್ಕೇ ನಿನ್ನ ಕಂಡ್ರೆ ಅಷ್ಟಕ್ಕಷ್ಟೆ." ಆ ಪರಿಸ್ಥಿತಿ ಇವತ್ತಿಗೂ ಸುಧಾರಿಸಿಲ್ಲ.

ಈಗ ನಾನಿರುವುದು ಕೊಚ್ಚಿಯಲ್ಲಿ. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅಂಕಿಗಳ ನಡುವೆಯೇ ಇರುತ್ತೇನೆ, ಆದರೆ ಕೂಡುವುದು ಕಳೆಯುವುದೆಲ್ಲ ಕಂಪ್ಯೂಟರು. ನನ್ನ ಹೆಂಡತಿ ಶೈಲಜಾ ಕಾಸರಗೋಡಿನವಳು, ಕಾಕ್ಕನಾಡಿನ ಐ.ಟಿ. ಪಾರ್ಕಿನಲ್ಲಿ ದುಡಿಯುತ್ತಾಳೆ. ನಮ್ಮ ಸಂಸಾರದಲ್ಲಿ ಜಗಳ ಕಡಿಮೆ, ಆದರೆ ವರ್ಷಕ್ಕೊಮ್ಮೆ ಯುಗಾದಿ ಜಗಳ ತಪ್ಪಿದ್ದಲ್ಲ. ನಮ್ಮ ಯುಗಾದಿ ಚಾಂದ್ರಮಾನದ್ದು, ಅವಳದು ಸೌರಮಾನದ್ದು, ಅಂದರೆ ವಿಷು. ನಮ್ಮ ಒಬ್ಬಟ್ಟೆಲ್ಲ ಅರಗಿ ಎಷ್ಟೋ ದಿನಗಳಾದ ಮೇಲೆ ಅವಳು ದೇವರ ಮುಂದೆ ಹಣ್ಣು, ಹೂವು, ಕನ್ನಡಿ ಜೋಡಿಸಿ ಕಣಿ ಇಡುತ್ತಾಳೆ. "ನಿಮ್ಮೂರಿಗೆ ಹೊಸ ವರ್ಷ ಪ್ಯಾಸೆಂಜರ್ ರೈಲಲ್ಲಿ ಬರುತ್ತೇನೇ?" ಎಂದು ನಾನು, "ನಿಮ್ಮ ಹಾಗೆ ತಿಥಿ ನೋಡಿ ತಿಂಗಳು ಎಣಿಸುವುದಲ್ಲ ಮಾರಾಯ್ರೆ, ನಮ್ಮದು ಸೂರ್ಯನ ಲೆಕ್ಕ" ಎಂದು ಅವಳು. ಸೂರ್ಯನ ಲೆಕ್ಕ ಎಂದರೇನೆಂದು ನಾನು ಯಾವತ್ತೂ ಕೇಳಿಲ್ಲ. ಕೇಳಿದರೆ ಸೋತಂತೆ ಅಲ್ಲವೆ?

ನಮ್ಮ ಮಗಳು ಅನಘ ಎಂಟನೆಯ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಮಲಯಾಳದಲ್ಲಿ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಆದರೆ ಲೆಕ್ಕ ಮಾತ್ರ ಅಪ್ಪಟ ಕನ್ನಡದಲ್ಲಿ! ಅವಳು ಚಿಕ್ಕವಳಿದ್ದಾಗ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ನಾನೇ ಮಗ್ಗಿ ಕಲಿಸಿದ್ದೆ. ಹಾಗಾಗಿ ಇವತ್ತಿಗೂ ಸಂಜೆ ಟೇಬಲ್ಲಿನ ಮುಂದೆ ನಾವಿಬ್ಬರೂ ಕೂತಾಗ "ಏಳೆಂಟ್ಲ ಐವತ್ತಾರು, ದಶಕ ಐದು" ಎಂದು ಗುಣುಗುಣಿಸುತ್ತಾಳೆ. ಆ ಒಂದು ಗಂಟೆ ನನಗೆ ಸ್ವರ್ಗ. ಅವಳು ಕನ್ನಡದ ಹುಡುಗಿ ಎಂದು ನನಗೆ ಖಾತ್ರಿಯಾಗುವುದು ಆಗ ಮಾತ್ರ. ಇಂಥ ಸ್ವರ್ಗಕ್ಕೆ ಆಷಾಢದ ಒಂದು ಸಂಜೆ ಕಲ್ಲು ಬಿತ್ತು. ನಾನು ಹೇಳಿಕೊಟ್ಟ ಲೆಕ್ಕಕ್ಕೆ ಅವಳ ಟೀಚರು ಅಡ್ಡಗೆರೆ ಎಳೆದು ಕಳಿಸಿದ್ದರು. "ಅಪ್ಪಾ, ಇದ್ ತೆಟ್ಟಾಣ್" ಎಂದು ಪುಸ್ತಕ ನನ್ನ ಮುಂದಿಟ್ಟಳು. ತಪ್ಪಂತೆ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. "ಇನಿ ಮಾಮನ್ ಪಠಿಪ್ಪಿಚ್ಚೋಳುಂ" ಎಂದೂ ಸೇರಿಸಿದಳು. ಇನ್ನು ಮುಂದೆ ಮಾಮ ಕಲಿಸುತ್ತಾರಂತೆ!

ಈ ಮಾಮ ಎಂದರೆ ನನ್ನ ಅಕ್ಕನ ಗಂಡ, ನಮ್ಮ ಭಾವ. ತಿರುವನಂತಪುರದಲ್ಲಿ ಮನೆ, ಅಲ್ಲೇ ಹತ್ತಿರದ ತುಂಬ ಎಂಬಲ್ಲಿಯ ಉಡಾವಣಾ ಕೇಂದ್ರದಲ್ಲಿ ರಾಕೆಟ್ಟಿನ ಕೆಲಸ. ಅವರೂ ಮೈಸೂರಿನವರೇ, ಒಳ್ಳೆಯವರೇ, ಆದರೆ ಎದುರಿಗಿರುವವರಿಗೆ ಒಂದು ಒಗಟು ಒಡ್ಡದೆ ಅವರಿಗೆ ಕಾಫಿ ಇಳಿಯುವುದಿಲ್ಲ. ನಮ್ಮ ಮದುವೆಯ ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಬಂದು, ಕೈ ಕುಲುಕುತ್ತಲೇ ನನಗೊಂದು ಸರಣಿ ಹೇಳಿದ್ದರು. ಫೋಟೋದಲ್ಲಿ ಹೆಂಡತಿ ನಗುತ್ತಿದ್ದಾಳೆ, ನಾನು ಆಕಾಶ ನೋಡುತ್ತಿದ್ದೇನೆ. ಅಂದಿನಿಂದ ಇಂದಿನವರೆಗೆ ಅವರ ಒಂದೇ ಒಂದು ಒಗಟನ್ನೂ ನಾನು ಬಿಡಿಸಿಲ್ಲ.

ಮಗಳು ಮಾಮನಿಗೆ ಫೋನು ಮಾಡಿದ ಮರುದಿನವೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾವನ ಸವಾಲು ಬಂತು: ೨೯, ೩೦, ೩೦, ೩೦, ೩೧, ೩೧, ೩೨, ? ಕೆಳಗೆ ಹೀಗೆ ಬರೆದಿದ್ದರು: "ಶ್ರೀಧರ, ಭಾನುವಾರ ಊಟಕ್ಕೆ ಬರ್ತೀರಲ್ಲ, ಎಲೆ ಹಾಕೋ ಹೊತ್ತಿಗೆ ಉತ್ತರಾನೂ ಕಾರಣಾನೂ ಹೇಳಿಬಿಡು, ಅನಘನ ಲೆಕ್ಕ ನಿನ್ನ ಹತ್ರಾನೇ ಇರ್ಲಿ. ಇಲ್ಲಾಂದ್ರೆ ಇನ್ಮೇಲೆ ದಿನಾ ಸಂಜೆ ವಿಡಿಯೋದಲ್ಲಿ ನಾನು. ಸುಳಿವು ಬೇಕಾ? ಇದು ನೀನು ದಿನಾ ನೋಡೋದ್ರಲ್ಲೇ ಇದೆ."

ಭಾವನ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆಂದು ಬೇರೆ ಹೇಳಬೇಕಿಲ್ಲ. ಅಂದರೆ ಹೋಯಿತು, ಏಳೆಂಟ್ಲ ಐವತ್ತಾರು ಹೋಯಿತು! ನನ್ನ ರಕ್ತ ಕುದಿಯಿತು. ಕೂಡಲೇ "೩೨" ಎಂದು ಕಳಿಸಿದೆ. ಇದೊಂದು ಒಗಟೇ? ನಿಧಾನವಾಗಿ ಮೆಟ್ಟಿಲು ಹತ್ತುತ್ತಿರುವ ಸಾಲು, ಮೂವತ್ತೊಂದು ಎರಡು ಸಲ ಬಂದಮೇಲೆ ಮೂವತ್ತೆರಡೂ ಎರಡು ಸಲ ಬರಬೇಕಪ್ಪ! ಭಾವನಿಂದ ಕಣ್ಣಲ್ಲಿ ನೀರು ಬರುವಂತೆ ನಗುವ ಒಂದು ಮುಖ ಬಂತು. "ಎಲ್ರೂ ಹಾಗೇ ಅನ್ನೋದು" ಎಂಬ ಒಕ್ಕಣೆಯೂ ಬಂತು.

ದಿನಾ ನೋಡುವುದು, ದಿನಾ ನೋಡುವುದು. ಬೆಳಿಗ್ಗೆ ಕನ್ನಡಿಯ ಮುಂದೆ ಪ್ಯಾಂಟು ಎಳೆದುಕೊಳ್ಳುವಾಗ ಹೊಳೆದುಬಿಟ್ಟಿತು. ಸೊಂಟ! ಮದುವೆಯಿಂದೀಚೆಗಿನ ನನ್ನ ಸೊಂಟದ ಅಳತೆ! ಅಯ್ಯೋ ಭಾವನ ಕುಹಕವೇ! ಮುಂದಿನದು ಮೂವತ್ತನಾಲ್ಕು ಎಂದು ಕೂಗುತ್ತ ಅಡುಗೆಮನೆಗೆ ಓಡಿದೆ. ಶೈಲಜಾ ದೋಸೆ ಮಗುಚುತ್ತಿದ್ದವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮೂವತ್ತೆರಡಾ? ಯಾರ ಸೊಂಟ ಮಾರಾಯ್ರೆ ಅದು?" ಎಂದಳು. ಆ ಸಿದ್ಧಾಂತ ಅಲ್ಲೇ ಬಿದ್ದುಹೋಯಿತು. ಅವಳ ಬೆನ್ನ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರು ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ನಾನು ದೋಸೆ ತಿಂದು ಕಚೇರಿಗೆ ಹೋದೆ.

ಕಚೇರಿಯಲ್ಲಿ ನನ್ನ ಪಕ್ಕದ ಸೀಟಿನ ಬಾಬು ಚೇಟ್ಟನ್‌ಗೆ ಸಾಲು ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, "ಸಾರೇ, ಇದು ಚೂಡಲ್ಲೇ?" ಎಂದರು. ಚೂಡು ಎಂದರೆ ಬಿಸಿಲ ಕಾವು. ಮಳೆ ನಿಂತು ಒಂದು ವಾರವಾಗಿತ್ತು, ಕೊಚ್ಚಿ ದಿನದಿನಕ್ಕೆ ಬೇಯುತ್ತಿತ್ತು. ಫೋನು ತೆಗೆದು ಹವಾಮಾನ ನೋಡಿದರೆ, ಅಬ್ಬಾ, ಹೆಚ್ಚೂಕಡಿಮೆ ಅದೇ ಅಂಕಿಗಳು! ನಾನು ಬಾಬು ಚೇಟ್ಟನ್‌ರನ್ನು ಅಪ್ಪಿಕೊಂಡೇ ಬಿಟ್ಟೆ. ಚಹಾ ತರಿಸಿ, ಪಳಂಪೊರಿ ತರಿಸಿ, ಬಾಳೆಹಣ್ಣಿನ ಆ ಬಿಸಿ ಬೋಂಡಾ ಮೆಲ್ಲುತ್ತ ನಾವಿಬ್ಬರೂ ನಾಳಿನ ಕಾವಿಗಾಗಿ ಕಾದೆವು. ಮರುದಿನ ಬೆಳಗಾಗುವ ಮೊದಲೇ ಮಳೆ ಹೊಯ್ದು ಇಪ್ಪತ್ತೇಳಕ್ಕೆ ಇಳಿಯಿತು. ಇಪ್ಪತ್ತೇಳು ಎಂದು ಕಳಿಸಿದೆ. "ಆರೋಗ್ಯ ಹೇಗಿದೆಯೋ?" ಎಂದು ಅಕ್ಕ ಫೋನು ಮಾಡಿದಳು.

ಹೀಗೆ ಭಾನುವಾರ ಬಂದೇ ಬಂತು. ಎರ್ನಾಕುಳಂನಿಂದ ಬೆಳಗಿನ ರೈಲು. ಮಗಳು ಕಿಟಕಿಯ ಪಕ್ಕ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಅವಳ ಚೀಲದಿಂದ ಗಣಿತದ ಪುಸ್ತಕ ತಲೆ ಹಾಕಿತ್ತು. ಮಾಮನಿಗೆ ತೋರಿಸಲು! ಕಾಯಂಕುಳಂ ದಾಟಿತು, ಕೊಲ್ಲಂ ದಾಟಿತು, ನನ್ನ ತಲೆಯೊಳಗೆ ಒಂದು ಮಿಣುಕೂ ಇಲ್ಲ. ಎದುರಿನ ಸೀಟಿನಲ್ಲಿ ಶೈಲಜಾ ಕಾಸರಗೋಡಿನ ತನ್ನ ಅಮ್ಮನ ಜೊತೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು. ರೈಲಿನ ಸದ್ದಿಗೆ ಪಿಸುಗುಟ್ಟಿ ಮಾತಾಡುವ ಹೆಂಗಸಲ್ಲ ಅವಳು.

"ನಾಳೆ ಅಲ್ಲ ಅಮ್ಮ, ಕರ್ಕಾಟಕ ಸುರು ನಾಡಿದ್ದು. ಔಷಧದ ಗಂಜಿಗೆ ಈಗಲೇ ಎಂತಕ್ಕೆ ಅಕ್ಕಿ ನೆನೆ ಹಾಕ್ತೀರಿ? ಈ ಸಲ ಮಿಥುನಕ್ಕೆ ಮೂವತ್ತೆರಡು ದಿನ ಉಂಟಲ್ಲ!"

ನಾನು ಸೀಟಿನಿಂದ ಎದ್ದೇ ನಿಂತೆ. "ಏನಂದೆ? ತಿಂಗಳಿಗೆ ಮೂವತ್ತೆರಡು ದಿನಾನಾ?"

"ಹೌದು. ಸೂರ್ಯ ಆ ರಾಶಿಯಲ್ಲಿ ಎಷ್ಟು ದಿನ ಇದ್ದಾನೋ ಅಷ್ಟು. ಎಂತ ಈಗ?"

ಸಾಲಿನ ಮೂವತ್ತೆರಡರಿಂದ ಬೆರಳು ಮಡಿಸುತ್ತ ಆರು ರಾಶಿ ಹಿಂದಕ್ಕೆ ಹೋದೆ. "ಧನುವಿಗೆ ಎಷ್ಟು? ಬೇಗ ಹೇಳೇ!"

"ಈ ಸಲ ಇಪ್ಪತ್ತೊಂಬತ್ತು. ಮತ್ತೆ ಮಕರ, ಕುಂಭ, ಮೀನ ಮೂವತ್ತು ಮೂವತ್ತು. ಮೇಷ, ವೃಷಭ ಮೂವತ್ತೊಂದು..."

"ಕರ್ಕಾಟಕಕ್ಕೆ?"

"ಮೂವತ್ತೊಂದು."

"ಮೂವತ್ತೊಂದು!" ನಾನು ಎರಡು ಕೈ ಮೇಲೆತ್ತಿ ಕೂಗಿದ ಕೂಗಿಗೆ ಡಬ್ಬಿಯೇ ಬೆಚ್ಚಿತು. ಮೇಲಿನ ಬರ್ತಿನಲ್ಲಿ ಮಲಗಿದ್ದವರೊಬ್ಬರು ತಿರುವನಂತಪುರ ಬಂತೆಂದು ಚಪ್ಪಲಿ ಹುಡುಕತೊಡಗಿದರು. ಇಳಿಯುತ್ತದೆ! ಮೂವತ್ತೆರಡರ ನಂತರ ಸಾಲು ಇಳಿಯುತ್ತದೆ! ದಿನಾ ನೋಡುವುದು ಅಡುಗೆಮನೆಯ ಕ್ಯಾಲೆಂಡರು! ದೊಡ್ಡ ಅಂಕಿಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಮಲಯಾಳದ ತಾರೀಖು ಇರುತ್ತದಲ್ಲ, ಅದು! ಗ್ಯಾಸು ಬಂದ ದಿನ, ಹಾಲು ಬೇಡವೆಂದ ದಿನ ಎಂದೆಲ್ಲ ಅದರ ಮೇಲೆಯೇ ಗೀಚುತ್ತ ಬಂದಿದ್ದೇನೆ, ಅಡಿಯಲ್ಲಿ ಏನಿದೆ ಎಂದು ನೋಡಿದವನಲ್ಲ. ಹಾಡು ಕಿತ್ತು ನನ್ನನ್ನೇ ನೋಡುತ್ತಿದ್ದ ಮಗಳಿಗೆ, "ನಿನ್ನ ಲೆಕ್ಕ ಉಳೀತು ಕಣೇ!" ಎಂದೆ. ಅವಳು ಅಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಅಕ್ಕನ ಮನೆಯ ಹೊಸ್ತಿಲಲ್ಲೇ ಗಂಟಲು ಸರಿಮಾಡಿಕೊಂಡು, "ಮೂವತ್ತೊಂದು. ಕರ್ಕಾಟಕ ಮಾಸ" ಎಂದೆ. ಭಾವನ ಕೈಯ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಆ ಮುಖ ನೋಡಲು ಇಷ್ಟು ವರ್ಷ ಕಾದಿದ್ದೆನಲ್ಲ ಸ್ವಾಮಿ, ಸಾರ್ಥಕವಾಯಿತು! ಭಾವ ನನ್ನ ಬೆನ್ನು ತಟ್ಟಿ ಒಳಗೆ ಕರೆದೊಯ್ದು ಗೋಡೆ ತೋರಿಸಿದರು. ಚಾಲೈ ಪೇಟೆಯಲ್ಲಿ ಅಕ್ಕ ಬೇಳೆ ಬೆಲ್ಲ ತರುವ ಅಂಗಡಿಯ ಕ್ಯಾಲೆಂಡರು. ಪ್ರತಿ ವರ್ಷ ಎರಡು ತಂದು ಒಂದನ್ನು ನಮಗೆ ಕೊಡುತ್ತಾಳೆ. "ಇದ್ರಲ್ಲಿ ಮೂವತ್ತೆರಡು ಅಂತ ಕಂಡು ಪ್ರಿಂಟ್ ತಪ್ಪು ಅಂದ್ಕೊಂಡಿದ್ದೆ ಕಣೋ. ಆಮೇಲೆ ಎಣಿಸ್ತಾ ಹೋದೆ. ಎಂಥಾ ಸಾಲು ನೋಡು! ಇದನ್ನ ನಮ್ಮ ಆಫೀಸಿನ ಕ್ಲಬ್ಬಿನಲ್ಲಿ ಎಲ್ಲರಿಗೂ ಕೊಡ್ತೀನಿ. ಯಾವ ವರ್ಷ ಕೇಳಿದ್ರೂ ಇದೇ ಉತ್ತರ."

"ಇಲ್ಲ ಅಣ್ಣ," ಎಂದಳು ಶೈಲಜಾ, ಚಪ್ಪಲಿ ಬಿಡುತ್ತ. "ಅದು ಪ್ರತಿ ವರ್ಷ ಒಂದೇ ಇರುವುದಿಲ್ಲ. ಹೋದ ವರ್ಷ ಕುಂಭಕ್ಕೆ ಇಪ್ಪತ್ತೊಂಬತ್ತೇ ಇದ್ದದ್ದು."

"ಛೆ ಛೆ, ಅದು ಹೇಗಮ್ಮಾ?" ಎಂದರು ಭಾವ. ನಾನೂ "ಅದು ಹೇಗೇ?" ಎಂದೆ. ಮೈಸೂರಿನವರು ಇಂಥ ವಿಷಯದಲ್ಲಿ ಒಗ್ಗಟ್ಟಾಗಿಬಿಡುತ್ತೇವೆ. ಅಕ್ಕ ಹೋಗಿ ಕ್ಯಾಲೆಂಡರನ್ನು ಎತ್ತಿದಳು. ಎಲ್ಲ ಮನೆಗಳಂತೆ ಅಲ್ಲೂ ಅದೇ ಮೊಳೆಗೆ ಹಿಂದೆ ಹೋದ ವರ್ಷದ್ದು ನೇತಾಡುತ್ತಿತ್ತು. ಮಾರ್ಚಿನ ಹಾಳೆ ಹುಡುಕಿದೆವು. ಭಾವ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡರು. ಕುಂಭ ಇಪ್ಪತ್ತೊಂಬತ್ತಕ್ಕೇ ನಿಂತಿತ್ತು! ರಾಕೆಟ್ಟಿಗೆ ದಾರಿ ಲೆಕ್ಕ ಹಾಕುವ ನಮ್ಮ ಭಾವ, ಅಡುಗೆಮನೆಯ ಸೂರ್ಯನ ಲೆಕ್ಕದಲ್ಲಿ ಮುಗ್ಗರಿಸಿದ್ದರು. "ಥತ್!" ಎಂದರು, ಅಷ್ಟೆ.

ಎಲೆ ಹಾಕಿದರು. ಒಬ್ಬಟ್ಟು ಬಡಿಸುತ್ತ ಅಕ್ಕ, "ಹಾಗಾದ್ರೆ ಅನಘಾ, ಇನ್ನು ಲೆಕ್ಕ ಯಾರ ಹತ್ರ? ಗೆದ್ದಿದ್ದು ನಿಮ್ಮಮ್ಮ" ಎಂದಳು. "ನನಗೆ ಪುರುಸೊತ್ತಿಲ್ಲ ಅತ್ತಿಗೆ" ಎಂದು ಶೈಲಜಾ ತಕ್ಷಣ ಕೈ ತೊಳೆದುಕೊಂಡಳು. ಮಗಳು ಮಾಮನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಾಯಿ ಬಿಟ್ಟಳು. ಒಂದು ಮಲಯಾಳ ಪದವಿಲ್ಲ, ಒಂದು ಇಂಗ್ಲಿಷ್ ಪದವಿಲ್ಲ, ಶುದ್ಧ ಕನ್ನಡ!

"ಅಪ್ಪನ ಹತ್ರಾನೇ ಮಾಡ್ತೀನಿ. ಮಾಮ ಎಲ್ಲಾದೂ ಸರಿಯಾಗಿ ಹೇಳ್ತಾರೆ, ಅಲ್ಲಿ ನಂಗೆ ಏನೂ ಕೆಲಸ ಇರಲ್ಲ. ಅಪ್ಪನ ಹತ್ರ ಆದ್ರೆ ತಪ್ಪು ಎಲ್ಲಿದೆ ಅಂತ ಹುಡುಕ್ಬೇಕು. ಹುಡುಕ್ತಾ ಹುಡುಕ್ತಾ ನಂಗೆ ಲೆಕ್ಕ ಬಂದುಬಿಡತ್ತೆ."

ಎಲ್ಲರೂ ನಕ್ಕರು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕು, ಇನ್ನೂ ಎರಡು ಒಬ್ಬಟ್ಟು ಹಾಕಿಸಿಕೊಂಡೆ. ಎಷ್ಟು ಉದ್ದದ ಕನ್ನಡ ವಾಕ್ಯ ಹೇಳಿದಳು ನನ್ನ ಮಗಳು! ಭಾವನಿಗೆ ಕೈ ಕೊಟ್ಟೆ, ಅಕ್ಕನಿಗೆ ನಮಸ್ಕರಿಸಿದೆ, ಆಟೋದವನಿಗೂ ಸುಮ್ಮನೆ ಒಂದು ನಗೆ ಕೊಟ್ಟೆ. ಸಂಜೆಯ ರೈಲಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಆ ವಾಕ್ಯವನ್ನು ನಾನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಸವಿಯುತ್ತಿದ್ದೆ. ಅದರ ಅರ್ಥ ಏನೆಂದು ನನಗೆ ಹೊಳೆದದ್ದು ರೈಲು ಕೊಲ್ಲಂ ದಾಟಿದ ಮೇಲೆ.