ಅಣ್ಣನ ಸೈಕಲ್ಲಿನ ಫೋರ್ಕು ಮತ್ತು ಪಂಚಮಿಯ ಉಂಡಿ

ನಮ್ಮಣ್ಣ ಈ ಜಗತ್ತಿನಲ್ಲಿ ಸೈಕಲ್ಲೊಂದನ್ನು ಬಿಟ್ಟು ಬೇರಾವುದನ್ನೂ ಗಂಭೀರವಾಗಿ ಪರಿಗಣಿಸಿದವನಲ್ಲ. ಹೆಣ್ಣು ನೋಡಲು ಹೋದ ದಿನವೂ ಅವನು ವೈನಿಯ ಮುಖಕ್ಕಿಂತ ಮೊದಲು, ಅವರ ಅಂಗಳದ ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದನೆಂದು ನಮ್ಮ ಮನೆಯಲ್ಲಿ ಪ್ರತೀತಿ. ವೈನಿ ಇದನ್ನು ಅಲ್ಲಗಳೆದಿಲ್ಲ. "ಸೈಕಲ್ ಚಲೋ ಇತ್ತು, ಅದಕ್ಕ ನನ್ನೂ ಒಪ್ಪಿದ್ರು" ಎಂದು ನಗುತ್ತಾರೆ.

ಅವನಿರುವುದು ಚಿಕ್ಕೇರೂರಿನಲ್ಲಿ, ನಾನಿರುವುದು ಅಕ್ಕಿಆಲೂರಿನಲ್ಲಿ. ನಡುವೆ ಬಸ್ಸುಗಳು ಓಡಾಡುತ್ತವೆ. ಆದರೆ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆಯಲು ಹೊರಟ ಅಣ್ಣ ಬಸ್ಸು ಹತ್ತುವುದುಂಟೇ? ಛೇ! ಶ್ರಾವಣದ ತುಂತುರಿನಲ್ಲಿ, ಗೋವಿನಜೋಳದ ಹಸಿರಿನ ನಡುವೆ, ಹ್ಯಾಂಡಲ್ಲಿನ ಬುಟ್ಟಿಯಲ್ಲಿ ತವರಿನ ಉಂಡಿಯ ಡಬ್ಬಿಯನ್ನಿಟ್ಟುಕೊಂಡು, ಮೋಡದಿಂದ ಈಗಷ್ಟೇ ಇಳಿದವನಂತೆ ಮೌಂಟೇನ್ ಸೈಕಲ್ ತುಳಿಯುತ್ತ ಬರುತ್ತಾನೆ. ಅದಕ್ಕೆ ಗೇರುಗಳಿಲ್ಲ. ಏಕೆಂದು ಕೇಳಿದರೆ, "ಗೇರ್ ಹಾಕಿ ಏರಿಗೆ ಮೋಸ ಮಾಡಬಾರದು" ಎನ್ನುತ್ತಾನೆ. ಏರಿಗೆ ಮೋಸ! ವರ್ಷಗಟ್ಟಲೆ ಮಕ್ಕಳ ವಾಕ್ಯಗಳನ್ನು ತಿದ್ದಿದ ನನಗೆ, ಈ ವಾಕ್ಯವನ್ನು ಎಲ್ಲಿ ತಿದ್ದಬೇಕೆಂಬುದು ಇಂದಿಗೂ ಹೊಳೆದಿಲ್ಲ.

ತೊಂದರೆಯ ಮೂಲವಿದ್ದುದು ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನಲ್ಲಿ. ಅದು ಬಿಗಿಯಾದ ಕಬ್ಬಿಣದ್ದು; ಸ್ಪ್ರಿಂಗೂ ಇಲ್ಲ, ದಯೆಯೂ ಇಲ್ಲ. ದಾರಿಯ ಪ್ರತಿಯೊಂದು ಕಲ್ಲೂ ತನ್ನ ಅಹವಾಲನ್ನು ನೇರವಾಗಿ ಹ್ಯಾಂಡಲ್ಲಿಗೆ ಸಲ್ಲಿಸುತ್ತದೆ. ಹೋದ ವರ್ಷ ನಾನು ಡಬ್ಬಿ ತೆರೆದಾಗ ರವೆ ಉಂಡಿ ಮರಳಿ ರವೆಯಾಗಿತ್ತು, ಬೇಸನ್ ಉಂಡಿ ಹಿಟ್ಟಾಗಿತ್ತು.

"ಬೀಗರ, ಇದು ಉಂಡಿನೋ, ಭಂಡಾರನೋ? ಹಣಿಗೆ ಹಚ್ಕೊಳ್ಳೂದೋ, ಬಾಯಿಗೆ ಹಾಕೊಳ್ಳೂದೋ?" ಎಂದರು ನಮ್ಮ ಯಜಮಾನರು.

"ಆಕಾರ ಹೋಗೇತ್ರಿ, ಸಿಹಿ ಹೋಗಿಲ್ಲ. ಬಾಯಿಗೆ ಹಾಕೊಂಡು ನೋಡ್ರಿ" ಎಂದ ಅಣ್ಣ.

ಸುದ್ದಿ ಚಿಕ್ಕೇರೂರನ್ನು ಮುಟ್ಟಿತು. ವೈನಿ ಕಡ್ಡಿ ಮುರಿದಂತೆ ಹೇಳಿದರು: "ಮುಂದಿನ ಪಂಚಮಿಗೆ ನನ್ನ ಉಂಡಿ ಉಂಡಿಯಾಗೇ ಮುಟ್ಟಬೇಕು. ಶಾಕಪ್ ಹಾಕಸ್ರಿ, ಇಲ್ಲಾಂದ್ರ ಸೈಕಲ್ ಬಿಟ್ಟು ಬಸ್ಸಿಗೆ ಹೋಗ್ರಿ."

ಶಾಕಪ್ ಎಂದರೆ ಸ್ಪ್ರಿಂಗ್ ಇರುವ ಫೋರ್ಕು. ಹೊಂಡದ ಪೆಟ್ಟನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಯಾರಾದರೂ ಅಂದೇ ಹಾಕಿಸಿಬಿಡುತ್ತಿದ್ದರು. ನಮ್ಮಣ್ಣನೋ, ಅಭಿಪ್ರಾಯ ಸಂಗ್ರಹಕ್ಕೆ ಹೊರಟ! ಹಾನಗಲ್ಲಿನಲ್ಲಿ ಹಾಕಿಸಿ ಎಂದರು, ಶಿಗ್ಗಾಂವಿಯಲ್ಲಿ ಬೇಡವೆಂದರು. ಸವಣೂರಿನ ಗೆಳೆಯರೊಬ್ಬರು ತಮ್ಮ ಶಾಕಪ್ ಸೈಕಲ್ಲನ್ನೇ ಕೊಟ್ಟು ಕಳಿಸಿದರು. ಇವನು ಅದರಲ್ಲಿ ಹತ್ತಿಮತ್ತೂರಿನವರೆಗೆ ಹೋಗಿ ಬಂದ.

ಮರುದಿನವೇ ವರದಿ ಒಪ್ಪಿಸಲು ನಮ್ಮಲ್ಲಿಗೆ ಬಂದ. ಒಲೆಯಿಂದ ಇಳಿಸಿದ ಚಹಾವನ್ನು ಸ್ಟೀಲಿನ ಲೋಟಕ್ಕೆ ಸುರಿದು, ಸೆರಗಿನಲ್ಲಿ ಹಿಡಿದು ತಂದುಕೊಟ್ಟೆ. ಅವನು ಲೋಟವನ್ನು ಬರಿಗೈಯಿಂದ ತಬ್ಬಿ ಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತ.

"ಹೆಂಗಿತ್ತೋ ಅಣ್ಣಾ?"

"ಕನಸಿನ್ಯಾಗ ಹೋದಂಗ ಆತು. ಕಲ್ಲಿಲ್ಲ, ಹೊಂಡಿಲ್ಲ. ನೆಲಾನ ಇಲ್ಲ!"

"ಮತ್ತ ಹಾಕಿಸಿಬಿಡು."

"ಕನಸಿನ್ಯಾಗ ಹೊಂಟ್ರ, ಊರು ಮುಟ್ಟಿದ್ದು ಹೆಂಗ ಗೊತ್ತಾಗಬೇಕು?"

"ಹುಚ್ಚಪ್ಪ! ಮೊದಲು ಲೋಟಾ ಕೆಳಗ ಇಡು, ಕೈ ಸುಡ್ತದ."

"ಬಿಸಿ ಐತೇನು?" ಎಂದು ಲೋಟವನ್ನೇ ಬೆರಗಿನಿಂದ ನೋಡಿದ. ನಾನೂ ಯಜಮಾನರೂ ಬಿದ್ದು ಬಿದ್ದು ನಕ್ಕೆವು. ಕನಸಿನಿಂದ ಇನ್ನೂ ಇಳಿದಿಲ್ಲ ಈ ಮನುಷ್ಯ!

ಕಡೆಗೊಮ್ಮೆ ಅವನು ಶಾಕಪ್ ಕೊಂಡನೆಂದು ವೈನಿ ಫೋನಿನಲ್ಲಿ ತಿಳಿಸಿದರು. ಈ ಪಂಚಮಿಯ ಮುಂಜಾನೆ ಇಡೀ ಉಂಡಿ ತಿನ್ನುವ ಆಸೆಯಿಂದ ಬಾಗಿಲಲ್ಲೇ ನಿಂತಿದ್ದೆ. ಮಂಜಿನಂಥ ಮಳೆಯಿಂದ ಸೈಕಲ್ಲು ಮೆಲ್ಲಗೆ ಮೂಡಿಬಂತು. ನೋಡುತ್ತೇನೆ, ಅದೇ ಹಳೆಯ ಕಬ್ಬಿಣದ ಫೋರ್ಕು! ಡಬ್ಬಿ ತೆರೆದರೆ, ಅದೇ ಪುಡಿ!

"ಶಾಕಪ್ ಎಲ್ಲಿ ಹೋತೋ?"

"ಹಾಕಿಸಿದ್ದೆ. ಒಂದು ಸುತ್ತು ಹೊಡದು, ತಗಸಿಬಿಟ್ಟೆ."

"ಯಾಕ? ವೈನಿ ಸುಮ್ನ ಬಿಟ್ರೇನು?"

ಅವನು ಎರಡೂ ಅಂಗೈಗಳನ್ನು ಚಾಚಿ, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡಿದ.

"ಆಕಿಗೆ ಹೇಳೇನಿ, ನಿನಗ ಹೇಳಿದ್ದಿಲ್ಲ. ಸಕ್ಕರಿ ಕಾಯಿಲಿ ಭಾಳ ಆಗೇತಿ. ಈ ಕೈಗೆ ಏನೂ ತಿಳಿವಲ್ದವ್ವ ತಂಗಿ. ಬಿಸಿ ತಿಳಿವಲ್ದು, ತಂಪು ತಿಳಿವಲ್ದು. ಮಮ್ಮಗಳು ಬಂದು ಬೆರಳು ಹಿಡಕೊಂಡ್ರ, ಕಣ್ಣಿಲೆ ನೋಡಿ ತಿಳ್ಕೋಬೇಕು. ದಾರಿ ಮ್ಯಾಗಿನ ಕಲ್ಲು ಅಷ್ಟ ಇನ್ನೂ ತಿಳಿತಾವು. ನಿಮ್ಮೂರ ಹಳ್ಳದ ಕಲ್ಲು ಬಂದ್ವು ಅಂದ್ರ ಮೊಣಕೈತನಕ ಗುದ್ದಿ ಹೇಳ್ತಾವು, ತಂಗಿ ಮನಿ ಬಂತು ಅಂತ. ಅದನ್ನೂ ಆ ಸ್ಪ್ರಿಂಗ್ ನುಂಗಿಬಿಟ್ರ ನನಗೇನು ಉಳೀತು?"

ಯಜಮಾನರು ಅಂಗಳಕ್ಕಿಳಿದು ಸೈಕಲ್ಲಿನ ಕೆಸರು ಒರೆಸತೊಡಗಿದರು. ನನ್ನ ಕಣ್ಣ ಮುಂದೆ ಆ ಚಹಾದ ಲೋಟ ಬಂದು ನಿಂತಿತು.

ನಾನು ಒಳಗೆ ಹೋಗಿ ತುಪ್ಪ ಕಾಯಿಸಿ, ಆರಿಸಿ ತಂದೆ. ಪುಡಿಗೆ ಬೆರೆಸಿ, ಒಂದು ಹಿಡಿಯನ್ನು ಅಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಮಡಚಿ, ಮೇಲಿನಿಂದ ನನ್ನ ಎರಡೂ ಕೈಗಳಿಂದ ಉಂಡಿ ಕಟ್ಟತೊಡಗಿದೆ. ಅವನು ಕಣ್ಣು ಮುಚ್ಚಿದ.

"ತಿಳೀತೇನೋ ಅಣ್ಣಾ?"

ಹೊರಗೆ ತುಂತುರು ಬೀಳುತ್ತಲೇ ಇತ್ತು.

"ಇನ್ನೊಂದೀಟು ಒತ್ತವ್ವ" ಎಂದ.