ಮೂವತ್ತಮೂರು ಅತಿರಸಗಳ ದಾನಶಾಸ್ತ್ರ

ನಮ್ಮ ಸೋದರಮಾವನವರಂಥ ದಾನಿ ಆದೋನಿಯಲ್ಲಿ ಹುಟ್ಟಿಲ್ಲ, ಹುಟ್ಟುವ ಲಕ್ಷಣಗಳೂ ಕಾಣುತ್ತಿಲ್ಲ. ಅವರು ಏನು ದಾನ ಮಾಡಿದ್ದಾರೆ ಎಂದು ಮಾತ್ರ ಕೇಳಬೇಡಿ. ಉಪನ್ಯಾಸ ದಾನ ಮಾಡಿದ್ದಾರೆ. ಅದೂ ಧಾರಾಳವಾಗಿ, ಬೇಡವೆಂದವರಿಗೂ! ಊರಿನ ಪಿ.ಜಿ. ಕಾಲೇಜಿನಲ್ಲಿ ಎಂ.ಎ. ಮಕ್ಕಳಿಗೆ 'ನಗರ ಸಮುದಾಯಗಳಲ್ಲಿ ದಾನಧರ್ಮ' ಎಂಬ ವಿಷಯವನ್ನು ಪಾಠ ಮಾಡುವುದು ಅವರ ಉದ್ಯೋಗ. ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಕೂತು ಅವರ ಮೇಲೆ ಬರುವ ದೂರುಗಳನ್ನು ಫೈಲಿಗೆ ಸೇರಿಸುವುದು ನನ್ನ ಉದ್ಯೋಗ. ಇಬ್ಬರಿಗೂ ಬಿಡುವಿಲ್ಲ.

ಮಾವ ಪುಸ್ತಕ ಓದಿಸಿ ಕೈತೊಳೆದುಕೊಳ್ಳುವ ಪೈಕಿ ಅಲ್ಲ. ಮೊದಲ ವಾರವೇ ಮಕ್ಕಳ ದಂಡು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ದಯಮಾಡಿಸಿದರು. ಗೇಟಿನ ಪಕ್ಕ ಭಿಕ್ಷೆಗೆ ಕೂತಿದ್ದ ಮುದುಕನ ಮುಂದೆ ಕುಕ್ಕರುಗಾಲಲ್ಲಿ ಕೂತು ಪ್ರಶ್ನಾವಳಿ ಬಿಚ್ಚಿದರು.

"ಯಜಮಾನರ, ನಿಮಗ ಕೊಡೋರು ಮುಖ ನೋಡಿ ಕೊಡ್ತಾರೋ, ಮುಖ ತಿರುವಿ ಕೊಡ್ತಾರೋ?"

ಹದಿನಾಲ್ಕನೆಯ ಪ್ರಶ್ನೆಗೆ ಮುದುಕ ಎರಡೂ ಕೈ ಜೋಡಿಸಿದ. "ಸಾಮೀ, ಇನ್ನಾ ಬೋಣಿ ಆಗಿಲ್ಲ. ನಿಮ್ಮ ದಂಡು ನೋಡಿ, ಇಲ್ಲೇನೋ ಜಗಳ ಐತಿ ಅಂತ ಮಂದಿ ಆ ಕಡಿಂದ ಹೊಂಟಾರ. ಜರಾ ಸರೀರಿ!"

ಮಾವ ನಿರ್ವಿಕಾರವಾಗಿ ಬರೆದುಕೊಂಡರು: 'ಹದಿನಾಲ್ಕಕ್ಕೆ ಉತ್ತರ: ಸರೀರಿ.'

ಆಮೇಲೆ ಹಳೆ ಬಟ್ಟೆಯ ಪ್ರಯೋಗ. ಮಕ್ಕಳು ದೊಡ್ಡ ಮನೆಗಳ ಬೀದಿಯಲ್ಲಿ ಮನೆಮನೆ ತಿರುಗಿ ಬಟ್ಟೆ ಕೂಡಿಸಬೇಕು. ಇಷ್ಟಾದರೆ ಯಾರಾದರೂ ಮಾಡಿಸುತ್ತಾರೆ. ನಮ್ಮ ಮಾವನ ಷರತ್ತೇ ಬೇರೆ: ಯಾರು ಏನು ತಂದರೋ, ಮರುದಿನ ಅದನ್ನೇ ಉಟ್ಟು ಕ್ಲಾಸಿಗೆ ಬರಬೇಕು! ಆರಡಿ ಹುಡುಗನೊಬ್ಬ ಗುಂಡಿಯಿಲ್ಲದ ಶೇರವಾನಿಯಲ್ಲಿ ಬಂದ. ಇನ್ನೊಬ್ಬನ ಪ್ಯಾಂಟು ಹಿಂದುಗಡೆ ಗಾಳಿ-ಬೆಳಕಿನ ಅನುಕೂಲವಿರುವಂಥದು. ಅವನು ಗೋಡೆಗೆ ಬೆನ್ನು ಹಚ್ಚಿಕೊಂಡೇ ದಿನ ಮುಗಿಸಿದ. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಏಮಯ್ಯಾ, ಮೀ ಮಾವಗಾರು ಕ್ಲಾಸು ನಡುಪುತುನ್ನಾರಾ, ನಾಟಕಾಲ ಕಂಪೆನೀನಾ?"

ಮಾವ ನಡೆಸುತ್ತಿರುವುದು ಕ್ಲಾಸೂ ಅಲ್ಲ, ನಾಟಕದ ಕಂಪೆನಿಯೂ ಅಲ್ಲ, ದಾನಶಾಸ್ತ್ರ ಎಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಆ ದಿನ ಮಾವನಿಗೆ ಎದುರು ಮಾತಾಡಿದವಳು ಉರುಕುಂದಿ ಒಬ್ಬಳೇ. ಕೋಸಗಿಯಿಂದ ದಿನಾ ರೈಲಿಗೆ ಬರುವ ಹುಡುಗಿ. "ಸಾರು, ಇವ್ರಿಗೆ ಇದು ಒಂದು ದಿನದ ಚೇಷ್ಟಿ. ನಾವು ಹಿಂಗ ಕೊಟ್ಟಿದ್ದ ಉಟ್ಕೊಂಡೇ ಸಾಲಿ ಮುಗಿಸೀವಿ" ಎಂದಳು. ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು. ಅವಳ ಮನೆಯವರು ವರ್ಷ ವರ್ಷ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರು. ಈ ಸಲ ಇವಳು, "ಪರೀಕ್ಷಿ ಬರ್ದೇ ಬರ್ತೀನಿ" ಎಂದು ಅಪ್ಪನೊಂದಿಗೆ ಜಗಳವಾಡಿ ಗೆದ್ದು, ಅಜ್ಜಿಯ ಜೊತೆ ಊರಲ್ಲೇ ಉಳಿದಿದ್ದಳು. ಅವರ ಓಣಿಯಿಂದ ಎಂ.ಎ. ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಮಾವನಿಗೆ ಅವಳ ಮೇಲೆ ವಿಪರೀತ ಅಭಿಮಾನ. ಮಾವನ ಅಭಿಮಾನ ಎಷ್ಟು ಅಪಾಯಕಾರಿ ಎಂಬುದು ಪಾಪ, ಅವಳಿಗೇನು ಗೊತ್ತು?

ಅಷ್ಟರಲ್ಲಿ ಅಧಿಕ ಮಾಸ ಬಂತು. ನಮ್ಮ ವೈಷ್ಣವರ ಮನೆಗಳಲ್ಲಿ ಆ ತಿಂಗಳು ಮೂವತ್ತಮೂರು ಅತಿರಸ ಮಾಡಿ, ತಟ್ಟೆಯಲ್ಲಿಟ್ಟು, ತಟ್ಟೆಸಮೇತ ದಾನ ಕೊಡುವ ಪದ್ಧತಿ. ಊರಿಗೆ ಊರೇ ಕೊಡಲು ನಿಂತರೆ ತಿನ್ನುವವರು ಯಾರು? ದಾನ ಬಂದದ್ದನ್ನು ದಾನ ಕೊಡಬಾರದೆಂದು ಶಾಸ್ತ್ರವಿದೆ, ನಿಜ. ಆದರೆ ಮನೆಯ ಡಬ್ಬಿಗಳೆಲ್ಲ ತುಂಬಿದ ಮೇಲೂ ಶಾಸ್ತ್ರ ಹಿಡಿದು ಕೂಡಲಾದೀತೆ?

ಈ ಗುಮಾನಿಯಿಂದಲೇ ಮಾವ, ಅತ್ತೆ ಕೊಡುವ ತಟ್ಟೆಯ ತಳಕ್ಕೆ ಗುಟ್ಟಾಗಿ ಕೆಂಪು ನೇಲ್ ಪಾಲಿಶಿನ ಬೊಟ್ಟಿಟ್ಟರು. ತಟ್ಟೆ ಎಲ್ಲೆಲ್ಲಿ ಸಂಚರಿಸುತ್ತದೆಂದು ಪತ್ತೆ ಹಚ್ಚುವ ಕೆಲಸ ಉರುಕುಂದಿಯದು. ಅರ್ಚಕರ ಮನೆ, ಅವರ ಅಳಿಯನ ಮನೆ, ಅಳಿಯನ ಮೇಲಧಿಕಾರಿಯ ಮನೆ... ಹನ್ನೆರಡನೆಯ ದಿನ ತಟ್ಟೆ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಪರಮ ಭಕ್ತಿಯಿಂದ, ದಕ್ಷಿಣೆ ಸಹಿತ, ಅದನ್ನು ಮಾವನಿಗೇ ದಾನ ಕೊಟ್ಟಳು! ಮಾವ ತಟ್ಟೆ ಎತ್ತಿ ತಳ ನೋಡಿದರು: ಅದೇ ಕೆಂಪು ಬೊಟ್ಟು. ಅತಿರಸ ಎಣಿಸಿದರು.

"ಒಂದು ಕಡಿಮಿ ಅದಲ್ಲೋ!"

ಊರೆಲ್ಲ ಸುತ್ತಿದ ಆ ಮಹಾದಾನದಿಂದ ಪ್ರಯೋಜನ ಪಡೆದ ಏಕೈಕ ಜೀವಿ ನಾನು. ಸ್ವಲ್ಪ ಗಟ್ಟಿಯಾಗಿತ್ತು, ಅಷ್ಟೆ.

ಇಲ್ಲಿಗೆ ಬಿಟ್ಟಿದ್ದರೆ ಮಾವ ಮಾವನಾಗುತ್ತಿರಲಿಲ್ಲ. ಮರುದಿನ ತಟ್ಟೆಯನ್ನು ಕ್ಲಾಸಿಗೆ ಒಯ್ದರು. ಉರುಕುಂದಿಯನ್ನು ಮುಂದೆ ಕರೆದರು. "ನೋಡ್ರಿ, ದಾನಕ್ಕ ಸತ್ಪಾತ್ರರು ಬೇಕು. ಈಕಿ ತಾಯಿ-ತಂದಿ ಕೂಲಿಗೆ ದೇಶಾಂತರ ಹೋಗ್ಯಾರ. ಮನ್ಯಾಗ ಮುದುಕಿ. ಹಿಂಗಿದ್ದೂ ಓದ್ಲಿಕತ್ತಾಳ. ಈಕಿಗಿಂತ ಸತ್ಪಾತ್ರ ಯಾರಿದ್ದಾರ?" ಎಂದು ತಟ್ಟೆಯನ್ನು ಅವಳ ಕೈಗಿಟ್ಟು ಚಪ್ಪಾಳೆ ಹೊಡೆಸಿದರು. ನಮ್ಮ ಮನೆತನದಲ್ಲಿ ಸತ್ಪಾತ್ರ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬಿರುದಿಲ್ಲ. ಮಾವ ಅವಳಿಗೆ ಕಿರೀಟ ತೊಡಿಸಿದೆನೆಂದೇ ತಿಳಿದಿದ್ದರು.

ಉರುಕುಂದಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಆ ವಾರವಿಡೀ ಬರಲಿಲ್ಲ. ಹೈದರಾಬಾದಿಗೆ ಹೊರಟಿದ್ದಾಳೆಂದು ಗೆಳತಿಯರು ಸುದ್ದಿ ತಂದರು. ಪರೀಕ್ಷೆಗೆ ಉಳಿದದ್ದು ಮೂರೇ ವಾರ.

"ನಾ ಏನು ತಪ್ಪು ಅಂದೆನೋ?" ಎಂದು ಮಾವ ನನ್ನನ್ನು ಕೇಳಿದರು. ಹೇಳಿದೆ. ಅವರು ಅಂದು ಊಟ ಮಾಡಲಿಲ್ಲ.

ಬೆಳಿಗ್ಗೆ ಇಬ್ಬರೂ ಕೋಸಗಿ ಸ್ಟೇಷನ್ನಿನಲ್ಲಿ ಇಳಿದೆವು. ಉರುಕುಂದಿ ತಮ್ಮ ಮನೆಯ ಹೊಸ್ತಿಲ ಬಳಿ ಕೂತು ಗಂಟು ಕಟ್ಟುತ್ತಿದ್ದಳು. ದಾನದ ಮೇಲೆ ಮೂರು ತಾಸು ನಿರರ್ಗಳ ಮಾತಾಡಬಲ್ಲ ನಮ್ಮ ಮಾವ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು. ಅಜ್ಜಿ ಹೊರಗೆ ಬಂದಳು.

"ಯಾರವ್ವಾ ಇವ್ರು?"

"ನಮ್ಮ ಸಾರು. ದಾನ ಮಾಡೋದು ಹೇಳಿಕೊಡ್ತಾರ."

"ಅಯ್ಯ, ಅದಕ್ಕೂ ಸಾಲಿ ಐತೇನು!" ಅಜ್ಜಿ ಬಾಯಿ ತುಂಬ ನಕ್ಕಳು. "ಬಾಜೂ ಮನಿಯೋರು ನಿನ್ನಿ ಹೈದರಾಬಾದಿಗೆ ಹೋದ್ರು. ಮೂರು ಕುರಿ, ಒಂದು ಮುದುಕಿ ನನ್ನ ಕೊರಳಿಗೆ ಕಟ್ಟಿ ಹೋಗ್ಯಾರ. ಇದಕ್ಕೇನಂತೀರಿ ನಿಮ್ಮ ಸಾಲ್ಯಾಗ?"

ಮಾವನ ಸಾಲೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ತಲೆ ತಗ್ಗಿಸಿ, "ತಪ್ಪಾತವ್ವಾ, ಉರುಕುಂದೀ" ಎಂದರು.

ಅವಳು ಗಂಟು ಬಿಗಿಯುತ್ತಲೇ ಹೇಳಿದಳು. "ಇಷ್ಟು ದಿನ ಕೊಡೋರ ಕಥೀನೇ ಆತು ಸಾರು. ಕೈ ಚಾಚಿದೋರ ಕಡಿಂದ ಒಂದು ಪಾಠಾನೂ ಆಗ್ಲಿಲ್ಲ."

"ನನಗ ಬರಂಗಿಲ್ಲ ಅದು. ನೀ ಮಾಡ್ತಿಯೇನು?"

ಅಜ್ಜಿ ಅವಳ ಕೈಯಿಂದ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಹಾಜರಿ ಪುಸ್ತಕದ ನೆಪ ಮಾಡಿಕೊಂಡು ನಾನು ಕ್ಲಾಸಿನ ಕಡೆ ಹೋದೆ. ಬೋರ್ಡಿನ ಮುಂದೆ ಉರುಕುಂದಿ. ಕೊನೆಯ ಬೆಂಚಿನಲ್ಲಿ, ಮೊಣಕಾಲು ಮಡಿಚಲಾಗದೆ ಅಡ್ಡಡ್ಡ ಕೂತ ಮಾವ. ಪಾಠ ಮುಗಿಯುತ್ತ ಬಂದಾಗ ಅವರು ಎದ್ದು ನಿಂತು ಕೈ ಎತ್ತಿದರು.

"ಒಂದು ಡೌಟ್ ಅದ ಟೀಚರಮ್ಮ. ಆವತ್ತು ನಾ ಏನು ಮಾಡಬೇಕಿತ್ತು?"

ಯಾರೂ ನಗಲಿಲ್ಲ. ಉರುಕುಂದಿ ಸೀಮೆಸುಣ್ಣ ಕೆಳಗಿಟ್ಟಳು.

"ಊಟದ ಹೊತ್ತಿಗೆ ಎಲ್ಲಾರ ಜೋಡಿ ಕುಂತು ತಟ್ಟಿ ನಡುವ ಇಡಬೇಕಿತ್ತು ಸಾರು. ನಿಮಗೊಂದು, ನನಗೊಂದು."

ಮಾವ ಬರೆದುಕೊಳ್ಳಲು ಬಗ್ಗಿದರು. ಬರೆಯಲಾಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸಾವಕಾಶ ಬರ್ಕೋರಿ ಸಾರು" ಎಂದಳು ಉರುಕುಂದಿ, "ನಾ ಎಲ್ಲಿಗೂ ಹೋಗಂಗಿಲ್ಲ."